ಡಬಲ್ ಮಾರ್ಕರ್‌ನಲ್ಲಿ ‘ಹೈ ರಿಸ್ಕ್’ ಬಂದಿದೆ: ಆ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡಬಲ್ ಮಾರ್ಕರ್ ಎಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ, ಕಲಿಕೆ ನಿಧಾನವಾಗುವ ಹುಟ್ಟು ತೊಂದರೆ ಇರಬಹುದೇ ಎಂದು ಅಂದಾಜು ಮಾಡುವ ರಕ್ತ ಪರೀಕ್ಷೆ. ಅದರಲ್ಲಿ ‘ಹೈ ರಿಸ್ಕ್’ ಎಂದು ಬಂದ ಹೆಂಗಸರಲ್ಲಿ ಹೆಚ್ಚಿನವರ ಮಗುವಿಗೆ ಆ ತೊಂದರೆ ಇರುವುದೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಂಥ ಲೇಖನ ಹುಡುಕುವವರು ಸಾಮಾನ್ಯವಾಗಿ ನಿದ್ದೆ ಬಾರದೆ ಮೊಬೈಲ್ ಹಿಡಿದು ಕೂತಿರುತ್ತಾರೆ. ರಿಪೋರ್ಟ್ ಶನಿವಾರ ಸಂಜೆ ವಾಟ್ಸಾಪ್‌ಗೆ ಬಂದಿರುತ್ತದೆ. ಡಾಕ್ಟರ್ ಸಿಗುವುದು ಸೋಮವಾರ. ಅಲ್ಲಿಯವರೆಗೆ ಆ ಕೆಂಪು ಅಕ್ಷರದ ಸಾಲನ್ನೇ ಮತ್ತೆ ಮತ್ತೆ ಓದುವುದು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ.

ತೊಂದರೆ ಖಂಡಿತ ಇದೆ ಎಂದು ಗೊತ್ತಾದರೆ ಅದೊಂದು ದುಃಖ. ಏನೂ ಇಲ್ಲ ಎಂದರೆ ನೆಮ್ಮದಿ. ಎರಡೂ ಅಲ್ಲದ, ‘ಇರಬಹುದು, ಇಲ್ಲದೆಯೂ ಇರಬಹುದು’ ಎನ್ನುವ ಮಾತನ್ನು ವಾರಗಟ್ಟಲೆ ಹೊತ್ತು ತಿರುಗುವುದು ಬೇರೆಯೇ ಕಷ್ಟ. ಈ ಅನುಮಾನವನ್ನು ಕೂಡಲೇ ಪೂರ್ತಿ ಅಳಿಸಿಹಾಕುವ ಟೆಸ್ಟ್ ಯಾವುದೂ ಇಲ್ಲ. ಆದರೆ ಅದನ್ನು ಚಿಕ್ಕದು ಮಾಡಬಹುದು. ಮುಂದಿನ ಹೆಜ್ಜೆ ಯಾವುದು, ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಆ ಉತ್ತರ ಯಾವತ್ತು ಕೈಗೆ ಬರುತ್ತದೆ. ಇಷ್ಟು ಗೊತ್ತಿದ್ದರೆ ಕಾಯುವುದು ಸ್ವಲ್ಪ ಸಹಿಸುವ ಹಾಗಾಗುತ್ತದೆ.

ಸಂಖ್ಯೆ ಎಲ್ಲಿಂದ ಬಂತು?

ಬಸಿರಿನಲ್ಲಿ ಮಾಡುವ ಪರೀಕ್ಷೆಗಳಲ್ಲಿ ಎರಡು ಜಾತಿ. ಒಂದು, ಎಲ್ಲರನ್ನೂ ನೋಡಿ ‘ಇವರನ್ನು ಇನ್ನಷ್ಟು ಪರೀಕ್ಷಿಸಬೇಕು’ ಎಂದು ಕೆಲವರನ್ನು ಬೇರೆ ಮಾಡುವುದು. ಇದನ್ನು ಸ್ಕ್ರೀನಿಂಗ್ ಎನ್ನುತ್ತಾರೆ. ಇನ್ನೊಂದು, ಮಗುವಿನ ಜೀವಕೋಶಗಳನ್ನೇ ನೋಡಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು. ಸ್ಕ್ರೀನಿಂಗ್ ಒಂದು ಜರಡಿ ಇದ್ದ ಹಾಗೆ. ಕಲ್ಲು ತಪ್ಪಿಸಿಕೊಳ್ಳಬಾರದು ಎಂದು ಕಣ್ಣು ಸಣ್ಣದಾಗಿಟ್ಟರೆ ಒಳ್ಳೆಯ ಕಾಳೂ ಬಹಳಷ್ಟು ಮೇಲೆ ಉಳಿಯುತ್ತದೆ. ಡಬಲ್ ಮಾರ್ಕರ್, ಎನ್‌ಟಿ ಸ್ಕ್ಯಾನ್, ಕ್ವಾಡ್ರುಪಲ್ ಮಾರ್ಕರ್ (ನಾಲ್ಕು ವಸ್ತು ನೋಡುವ ರಕ್ತ ಪರೀಕ್ಷೆ), ಎನ್‌ಐಪಿಟಿ (ತಾಯಿಯ ರಕ್ತದಲ್ಲಿ ಮಗುವಿನ ಕಡೆಯ ಡಿಎನ್‌ಎ ನೋಡುವ ಟೆಸ್ಟ್) ಎಲ್ಲವೂ ಸ್ಕ್ರೀನಿಂಗ್ ಗುಂಪಿಗೇ ಸೇರುತ್ತವೆ. ಎನ್‌ಐಪಿಟಿ ಕೂಡ. ಅದರ ಬೆಲೆ ನೋಡಿ ಬಹಳ ಜನ ಅದನ್ನು ಕೊನೆಯ ಮಾತು ಎಂದುಕೊಳ್ಳುತ್ತಾರೆ, ಹಾಗಲ್ಲ.

ಡಬಲ್ ಮಾರ್ಕರ್‌ನಲ್ಲಿ ತಾಯಿಯ ರಕ್ತದಲ್ಲಿರುವ ಎರಡು ವಸ್ತುಗಳನ್ನು ಅಳೆಯುತ್ತಾರೆ. ಒಂದು ಪ್ಯಾಪ್-ಎ, ಇನ್ನೊಂದು ಫ್ರೀ ಬೀಟಾ ಎಚ್‌ಸಿಜಿ. ಎರಡೂ ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ ಬರುತ್ತವೆ. ಮಗುವಿಗೆ ಡೌನ್ ಸಿಂಡ್ರೋಮ್ ಇದ್ದಾಗ ಪ್ಯಾಪ್-ಎ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಬೀಟಾ ಎಚ್‌ಸಿಜಿ ಜಾಸ್ತಿ ಇರುತ್ತದೆ. ಆದರೆ ಆರೋಗ್ಯವಾಗಿರುವ ಎಷ್ಟೋ ಮಕ್ಕಳ ತಾಯಂದಿರಲ್ಲೂ ಹೀಗೇ ಇರುತ್ತದೆ. ರಿಪೋರ್ಟ್‌ನಲ್ಲಿ ‘ಎಂಒಎಂ’ ಎಂದು ಒಂದು ಅಂಕಿ ಕಾಣುತ್ತದಲ್ವಾ? ಅದೇ ವಾರದ ಬಸುರಿಯರ ನಡುಮಟ್ಟವನ್ನು 1 ಎಂದು ಇಟ್ಟುಕೊಂಡರೆ ನಿಮ್ಮದು ಅದರ ಎಷ್ಟು ಪಟ್ಟು ಎಂದು ಅದು ತೋರಿಸುತ್ತದೆ. 0.5 ಎಂದರೆ ಅರ್ಧ, 2 ಎಂದರೆ ಎರಡರಷ್ಟು.

ಇದರ ಜೊತೆಗೆ 11ನೇ ವಾರದಿಂದ 13 ವಾರ 6 ದಿನದೊಳಗೆ ಎನ್‌ಟಿ ಸ್ಕ್ಯಾನ್ ಮಾಡುತ್ತಾರೆ. ಮಗುವಿನ ಕತ್ತಿನ ಹಿಂದೆ ಚರ್ಮದಡಿಯಲ್ಲಿ ಎಷ್ಟು ನೀರು ನಿಂತಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಈ ಅಳತೆಗೂ ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶದ ಗುಣ ಹೊರುವ ಎಳೆ) ತೊಂದರೆಗೂ ಇರುವ ನಂಟನ್ನು 1992ರಲ್ಲಿ ಲಂಡನ್ನಿನ ಕಿಪ್ರೋಸ್ ನಿಕೋಲಾಯ್ಡಿಸ್ ಮತ್ತು ಅವರ ತಂಡ ಬರೆದು ತಿಳಿಸಿದರು. ಮಗುವಿನ ಮೂಗಿನ ಮೂಳೆ ಕಾಣುತ್ತಿದೆಯೇ ಎಂದೂ ನೋಡುತ್ತಾರೆ.

ಇವೆಲ್ಲವನ್ನೂ ತಾಯಿಯ ವಯಸ್ಸಿನ ಜೊತೆ ಕೂಡಿಸಿ ಕಂಪ್ಯೂಟರ್ ಒಂದು ಅಂದಾಜು ಕೊಡುತ್ತದೆ. ವಯಸ್ಸೊಂದನ್ನೇ ನೋಡಿದರೆ 25ರ ಹರೆಯದ ತಾಯಿಗೆ ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಾಧ್ಯತೆ ಸುಮಾರು 1,300ಕ್ಕೆ ಒಂದು. 35ರಲ್ಲಿ 350ರಿಂದ 400ಕ್ಕೆ ಒಂದು. 40ರಲ್ಲಿ ಹೆಚ್ಚುಕಡಿಮೆ 100ಕ್ಕೆ ಒಂದು. ವಯಸ್ಸಿನಿಂದ ಶುರುವಾದ ಈ ಅಂಕಿಯನ್ನು ರಕ್ತದ ಮಟ್ಟ ಮತ್ತು ಸ್ಕ್ಯಾನ್ ಮೇಲಕ್ಕೋ ಕೆಳಕ್ಕೋ ಸರಿಸುತ್ತವೆ. ಬಹಳಷ್ಟು ಲ್ಯಾಬ್‌ಗಳು 250ಕ್ಕೆ ಒಂದು ಎಂಬ ಗೆರೆ ಹಾಕಿಕೊಂಡಿವೆ. ಅದಕ್ಕಿಂತ ಹೆಚ್ಚು ಸಾಧ್ಯತೆ ಇದ್ದರೆ ‘ಹೈ ರಿಸ್ಕ್’. 250ಕ್ಕೂ 1,000ಕ್ಕೂ ನಡುವೆ ಇದ್ದರೆ ಕೆಲವರು ‘ಇಂಟರ್ಮೀಡಿಯೆಟ್’ ಎಂದು ಬರೆಯುತ್ತಾರೆ.

ಈ ಗೆರೆ ಮನುಷ್ಯರು ಎಳೆದದ್ದು. 1:245 ಬಂದವರಿಗೂ 1:255 ಬಂದವರಿಗೂ ವ್ಯತ್ಯಾಸ ಏನೂ ಇಲ್ಲ. ಆದರೆ ಒಬ್ಬರ ಹಾಳೆಯಲ್ಲಿ ಕೆಂಪು, ಇನ್ನೊಬ್ಬರದ್ದರಲ್ಲಿ ಹಸಿರು.

1:180 ಎಂದರೆ ಎಷ್ಟು?

ನಿಮಗೆ 1:180 ಬಂದಿದೆ ಎಂದುಕೊಳ್ಳಿ. ಇದೇ ಅಂಕಿ ಬಂದ 180 ಬಸುರಿಯರನ್ನು ಒಂದೆಡೆ ಸೇರಿಸಿದರೆ ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 179 ಜನರ ಮಕ್ಕಳಿಗೆ ಇರುವುದಿಲ್ಲ. ನೂರರ ಲೆಕ್ಕದಲ್ಲಿ ಹೇಳಿದರೆ ಒಂದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶೇಕಡಾ 0.56. ‘ಹೈ ರಿಸ್ಕ್’ ಎಂದಾಗ ನಮ್ಮ ಮನಸ್ಸಿಗೆ ಬರುವುದು ನೂರಕ್ಕೆ ಎಪ್ಪತ್ತೋ ಎಂಬತ್ತೋ. ಕಾಗದದ ಮೇಲಿರುವುದು ನೂರಕ್ಕೆ ಒಂದೂ ಇಲ್ಲ. ಆದ್ದರಿಂದ ಅನುಪಾತ ಕಂಡ ಕೂಡಲೇ ಅದನ್ನು ಎರಡು ರೀತಿಯಲ್ಲಿ ಬರೆದಿಡಿ, ಎಷ್ಟು ಜನಕ್ಕೆ ಇರುತ್ತದೆ, ಎಷ್ಟು ಜನಕ್ಕೆ ಇರುವುದಿಲ್ಲ. ಎರಡನೆಯದೂ ನಿಮ್ಮ ರಿಪೋರ್ಟ್‌ನಲ್ಲೇ ಇದೆ. ಬರೆದಿಲ್ಲ ಅಷ್ಟೆ.

ಇನ್ನೂ ಸ್ವಲ್ಪ ದೊಡ್ಡದಾಗಿ ನೋಡೋಣ. ರಕ್ತ ಪರೀಕ್ಷೆ ಮತ್ತು ಎನ್‌ಟಿ ಎರಡನ್ನೂ ಸೇರಿಸಿ ಮಾಡಿದಾಗ ಡೌನ್ ಸಿಂಡ್ರೋಮ್ ಇರುವ ನೂರು ಮಕ್ಕಳಲ್ಲಿ 85ರಿಂದ 90 ಮಕ್ಕಳನ್ನು ಈ ಪರೀಕ್ಷೆ ಗುರುತಿಸುತ್ತದೆ. ಅದಕ್ಕಾಗಿ ತೊಂದರೆ ಇಲ್ಲದ ನೂರು ತಾಯಂದಿರಲ್ಲಿ ಸುಮಾರು ಐವರನ್ನು ಸುಮ್ಮನೆ ಹೆದರಿಸುತ್ತದೆ. 10,000 ಬಸುರಿಯರು ಪರೀಕ್ಷೆ ಮಾಡಿಸಿಕೊಂಡರು, ಅವರಲ್ಲಿ 12 ಜನರ ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು ಎಂದಿಟ್ಟುಕೊಳ್ಳಿ. 12ರಲ್ಲಿ ಹತ್ತು ಹನ್ನೊಂದು ಪತ್ತೆಯಾಗುತ್ತವೆ. ಆದರೆ ಅದೇ ಹೊತ್ತಿಗೆ ಏನೂ ತೊಂದರೆ ಇಲ್ಲದ ಸುಮಾರು 500 ಮನೆಗಳಿಗೂ ಕೆಂಪು ಹಾಳೆ ಹೋಗಿರುತ್ತದೆ. ಜೊತೆಗೆ ಒಂದೆರಡು ಮಕ್ಕಳು ‘ಲೋ ರಿಸ್ಕ್’ ಎಂಬ ಹಸಿರು ಹಾಳೆಯೊಂದಿಗೇ ತಪ್ಪಿಸಿಕೊಂಡಿರುತ್ತಾರೆ. ಕೆಂಪು ಬಂದರೆ ಮಗುವಿಗೆ ತೊಂದರೆ ಇದೆ ಎಂದಲ್ಲ, ಹಸಿರು ಬಂದರೆ ಇಲ್ಲವೇ ಇಲ್ಲ ಎಂದೂ ಅಲ್ಲ.

ಮೊದಲು ಹಾಳೆಯನ್ನೇ ಪರೀಕ್ಷಿಸಿ

ಮುಂದಿನ ಟೆಸ್ಟಿಗೆ ಓಡುವ ಮುಂಚೆ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಪೋರ್ಟ್‌ನ ಮೇಲ್ಭಾಗದಲ್ಲಿ ನಿಮ್ಮ ವಿವರಗಳಿರುತ್ತವೆ. ಹುಟ್ಟಿದ ದಿನ ಸರಿಯಿದೆಯೇ? ತೂಕ ಸರಿಯಿದೆಯೇ? ಅವಳಿಯೇ, ಒಂದೇ ಮಗುವೇ? ಐವಿಎಫ್ ಆಗಿದ್ದರೆ ಬರೆದಿದ್ದಾರೆಯೇ? ಸಕ್ಕರೆ ಕಾಯಿಲೆ ಇದ್ದರೆ ಬರೆದಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯ, ಎಷ್ಟು ವಾರ ಎಂಬುದು ಸರಿಯಿದೆಯೇ?

ಈ ಎರಡು ವಸ್ತುಗಳ ಮಟ್ಟ ವಾರದಿಂದ ವಾರಕ್ಕೆ ಬೇಗ ಬೇಗ ಬದಲಾಗುತ್ತದೆ. ಕೊನೆಯ ಮುಟ್ಟಿನ ದಿನ ಲೆಕ್ಕ ಹಾಕಿ 13 ವಾರ ಎಂದು ಬರೆದಿದ್ದು, ಸ್ಕ್ಯಾನ್‌ನಲ್ಲಿ ಮಗುವಿನ ಉದ್ದ ನೋಡಿದರೆ 12 ವಾರ ಎಂದಿದ್ದರೆ, ನಿಮ್ಮ ಪ್ಯಾಪ್-ಎ ಇಲ್ಲದ ಕಾರಣಕ್ಕೆ ಕಡಿಮೆ ಎಂದು ಕಾಣುತ್ತದೆ. ಮುಟ್ಟು ಏರುಪೇರಾಗುವವರಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ. ತಪ್ಪಿದ್ದರೆ ಮತ್ತೆ ರಕ್ತ ಕೊಡಬೇಕಾಗಿಲ್ಲ. ಸರಿಯಾದ ವಿವರ ಕೊಟ್ಟು ಲೆಕ್ಕವನ್ನು ಮತ್ತೆ ಹಾಕಿಸಿದರೆ ಸಾಕು.

ಇನ್ನೊಂದು ವಿಷಯ. ಒಂದೇ ಹಾಳೆಯಲ್ಲಿ ಮೂರು ರಿಸ್ಕ್ ಅಂಕಿಗಳಿರಬಹುದು. ವಯಸ್ಸಿನಿಂದ ಬಂದದ್ದು, ರಕ್ತದಿಂದ ಬಂದದ್ದು, ಎಲ್ಲ ಸೇರಿಸಿದ್ದು. ನೋಡಬೇಕಾದ್ದು ಕೊನೆಯದು. ಎನ್‌ಟಿ ಅಳತೆಯನ್ನು ಸೇರಿಸದೆ ರಕ್ತದ ಮೇಲೆ ಮಾತ್ರ ರಿಪೋರ್ಟ್ ಕೊಟ್ಟಿದ್ದರೆ, ಸ್ಕ್ಯಾನ್ ಅಳತೆ ಸೇರಿಸಿ ಲೆಕ್ಕ ಹಾಕಿಕೊಡಿ ಎಂದು ಕೇಳಿ. ರಕ್ತ ಮಾತ್ರ ನೋಡುವ ಪರೀಕ್ಷೆ ಬಹಳ ಒರಟು. ಎಷ್ಟೋ ಸಲ ಎನ್‌ಟಿ ಸೇರಿದ ಮೇಲೆ ಅಂಕಿ ಪೂರ್ತಿ ಬದಲಾಗುತ್ತದೆ.

ಎನ್‌ಐಪಿಟಿ: ಒಳ್ಳೆಯ ಟೆಸ್ಟ್, ಆದರೆ ಕೊನೆಯ ಮಾತಲ್ಲ

1997ರಲ್ಲಿ ಡೆನ್ನಿಸ್ ಲೋ ಮತ್ತು ಅವರ ಜೊತೆಗಾರರು ಒಂದು ವಿಷಯ ತೋರಿಸಿಕೊಟ್ಟರು. ಬಸುರಿಯ ರಕ್ತದಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ. 2011ರ ಹೊತ್ತಿಗೆ ಅದು ಆಸ್ಪತ್ರೆಗಳಲ್ಲಿ ಮಾಡುವ ಟೆಸ್ಟ್ ಆಯಿತು. 10 ವಾರ ತುಂಬಿದ ಮೇಲೆ ತಾಯಿಯ ತೋಳಿನಿಂದ ರಕ್ತ ತೆಗೆದರೆ ಸಾಕು, ಮಗುವಿಗೆ ಏನೂ ಅಪಾಯವಿಲ್ಲ. ನಮ್ಮಲ್ಲಿ ಇದಕ್ಕೆ ಸಾಮಾನ್ಯವಾಗಿ ಹತ್ತು ಸಾವಿರ ರೂಪಾಯಿಗಿಂತ ಮೇಲೆಯೇ ಖರ್ಚಾಗುತ್ತದೆ. ಫಲಿತಾಂಶ ಬರಲು ಒಂದರಿಂದ ಎರಡು ವಾರ.

ಡೌನ್ ಸಿಂಡ್ರೋಮ್ ವಿಷಯದಲ್ಲಿ ಇದು ಡಬಲ್ ಮಾರ್ಕರ್‌ಗಿಂತ ಎಷ್ಟೋ ಪಾಲು ಉತ್ತಮ. ತೊಂದರೆ ಇರುವ ನೂರರಲ್ಲಿ 99ನ್ನು ಗುರುತಿಸುತ್ತದೆ. ತೊಂದರೆ ಇಲ್ಲದ ಸಾವಿರ ಜನರಲ್ಲಿ ಹೆಚ್ಚೆಂದರೆ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ. ಹಾಗಿದ್ದರೆ ಎನ್‌ಐಪಿಟಿಯಲ್ಲಿ ‘ಹೈ ರಿಸ್ಕ್’ ಬಂದರೆ ಶೇಕಡಾ 99 ಖಚಿತ ಅಲ್ವಾ? ಅಲ್ಲ. ಇಲ್ಲಿ ಲೆಕ್ಕ ಸ್ವಲ್ಪ ಮೋಸ ಮಾಡುತ್ತದೆ, ನಿಧಾನವಾಗಿ ನೋಡಿ.

25ರ ಹರೆಯದ ಒಂದು ಲಕ್ಷ ಬಸುರಿಯರು ಎನ್‌ಐಪಿಟಿ ಮಾಡಿಸಿದರು ಎನ್ನಿ. ಈ ಹಂತದಲ್ಲಿ ಸಾವಿರಕ್ಕೆ ಒಂದರಂತೆ ಅವರಲ್ಲಿ 100 ಜನರ ಮಗುವಿಗೆ ಡೌನ್ ಸಿಂಡ್ರೋಮ್ ಇದೆ. 99 ಪತ್ತೆಯಾಗುತ್ತವೆ. ಉಳಿದ 99,900 ಜನರಲ್ಲಿ ಸಾವಿರಕ್ಕೆ ಒಬ್ಬರಂತೆ ಸುಮಾರು 100 ಜನರಿಗೆ ತಪ್ಪು ಫಲಿತಾಂಶ ಬರುತ್ತದೆ. ಅಂದರೆ ‘ಹೈ ರಿಸ್ಕ್’ ಎಂದು ಬಂದ 199 ಜನರಲ್ಲಿ ಅರ್ಧದಷ್ಟು ಜನರ ಮಗುವಿಗೆ ಏನೂ ಇಲ್ಲ! ಅದೇ 40 ದಾಟಿದವರಲ್ಲಿ, ಅಥವಾ ಡಬಲ್ ಮಾರ್ಕರ್‌ನಲ್ಲಿ 1:50 ಬಂದವರಲ್ಲಿ ಎನ್‌ಐಪಿಟಿಯೂ ‘ಹೈ ರಿಸ್ಕ್’ ಎಂದರೆ ಅದು ನಿಜವಾಗುವ ಸಾಧ್ಯತೆ ನೂರಕ್ಕೆ ತೊಂಬತ್ತನ್ನು ಮೀರುತ್ತದೆ. ಟೆಸ್ಟ್ ಒಂದೇ, ಉತ್ತರವೂ ಒಂದೇ. ಆದರೆ ಯಾರಿಗೆ ಬಂತು ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ಅದಕ್ಕೇ ಡಾಕ್ಟರನ್ನು ಹೀಗೆ ಕೇಳಬೇಕು: ‘ನನ್ನ ವಯಸ್ಸಿಗೆ, ನನ್ನ ಸ್ಕ್ಯಾನ್‌ಗೆ, ಈ ಫಲಿತಾಂಶ ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟು?’

ತಪ್ಪು ಫಲಿತಾಂಶ ಏಕೆ ಬರುತ್ತದೆ? ಮುಖ್ಯ ಕಾರಣ ಮಾಸು. ಎನ್‌ಐಪಿಟಿ ನೋಡುವ ಡಿಎನ್‌ಎ ಮಗುವಿನ ಮೈಯಿಂದ ನೇರವಾಗಿ ಬಂದದ್ದಲ್ಲ, ಮಾಸಿನಿಂದ ಬಂದದ್ದು. ಕೆಲವೊಮ್ಮೆ ಮಾಸಿನ ಒಂದಷ್ಟು ಕೋಶಗಳಲ್ಲಿ ಮಾತ್ರ ಹೆಚ್ಚುವರಿ ಕ್ರೋಮೋಸೋಮ್ ಇರುತ್ತದೆ, ಮಗುವಿನಲ್ಲಿ ಇರುವುದಿಲ್ಲ. ಮೊದಲು ಅವಳಿ ಇದ್ದು ಒಂದು ಕರಗಿಹೋಗಿದ್ದರೂ ಹೀಗಾಗಬಹುದು. ಆದ್ದರಿಂದ ಎನ್‌ಐಪಿಟಿಯ ‘ಹೈ ರಿಸ್ಕ್’ ಒಂದನ್ನೇ ನಂಬಿ ಬಸಿರು ತೆಗೆಸುವ ತೀರ್ಮಾನಕ್ಕೆ ಯಾರೂ ಹೋಗಬಾರದು. ಇದು ನನ್ನೊಬ್ಬಳ ಅಭಿಪ್ರಾಯವಲ್ಲ, ವೈದ್ಯರ ದೊಡ್ಡ ಸಂಘಗಳು ಹೇಳುವುದೂ ಇದನ್ನೇ.

ಕೆಲವರಿಗೆ ‘ನೋ ಕಾಲ್’, ಅಂದರೆ ಉತ್ತರವೇ ಬರುವುದಿಲ್ಲ. ನೂರರಲ್ಲಿ ಒಂದರಿಂದ ಐದು ಜನಕ್ಕೆ ಹೀಗಾಗುತ್ತದೆ. ತಾಯಿಯ ರಕ್ತದಲ್ಲಿ ಮಗುವಿನ ಕಡೆಯ ಡಿಎನ್‌ಎ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಇರುತ್ತದೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಬಹಳಷ್ಟು ಲ್ಯಾಬ್‌ಗಳು ಉತ್ತರ ಕೊಡುವುದಿಲ್ಲ. ತುಂಬಾ ಬೇಗ ರಕ್ತ ತೆಗೆದಿದ್ದರೆ ಅಥವಾ ತಾಯಿಯ ತೂಕ ಜಾಸ್ತಿ ಇದ್ದರೆ ಇದು ಸಹಜ. ಮತ್ತೆ ರಕ್ತ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಉತ್ತರ ಸಿಗುತ್ತದೆ. ಆದರೆ ಕೆಲವು ಕ್ರೋಮೋಸೋಮ್ ತೊಂದರೆಗಳಲ್ಲೂ ಈ ಪ್ರಮಾಣ ಕಡಿಮೆ ಇರುವುದುಂಟು. ಹಾಗಾಗಿ ‘ಮತ್ತೆ ಕೊಡಿ’ ಎಂದಷ್ಟೇ ಹೇಳಿ ಕಳಿಸಿದರೆ ಒಪ್ಪಬೇಡಿ. ಒಳ್ಳೆಯ ಸ್ಕ್ಯಾನ್ ಬೇಕೇ, ಮಗುವಿನ ಕಡೆಯ ಕೋಶಗಳನ್ನೇ ನೋಡುವ ನೇರ ಪರೀಕ್ಷೆ ಬೇಕೇ ಎಂದು ಕೇಳಿ.

ಎನ್‌ಐಪಿಟಿಯ ದೊಡ್ಡ ಪ್ಯಾಕೇಜ್‌ಗಳಲ್ಲಿ ‘ಮೈಕ್ರೋಡಿಲೀಷನ್’, ಅಂದರೆ ಕ್ರೋಮೋಸೋಮ್‌ನ ಸಣ್ಣ ಚೂರು ಇಲ್ಲದಿರುವ ಅಪರೂಪದ ತೊಂದರೆಗಳನ್ನೂ ಸೇರಿಸಿರುತ್ತಾರೆ. ಅಷ್ಟು ಅಪರೂಪದ್ದನ್ನು ಹುಡುಕಲು ಹೊರಟರೆ ಸುಳ್ಳು ಎಚ್ಚರಿಕೆ ಇನ್ನೂ ಜಾಸ್ತಿಯಾಗುತ್ತದೆ. ಬೇರೆ ಕಾರಣ ಇಲ್ಲದಿದ್ದರೆ ಸಣ್ಣ ಪ್ಯಾಕೇಜೇ ಸಾಕು ಎಂದು ನನಗನ್ನಿಸುತ್ತದೆ.

‘ನೀರು ತೆಗೆಯುವ’ ಟೆಸ್ಟ್

ಖಚಿತ ಉತ್ತರ ಬೇಕಾದರೆ ಮಗುವಿನ ಕಡೆಯ ಕೋಶಗಳೇ ಬೇಕು. 11ರಿಂದ 14 ವಾರದೊಳಗೆ ಮಾಸಿನ ಒಂದು ಚೂರು ತೆಗೆದರೆ ಅದು ಸಿವಿಎಸ್. 15 ವಾರ ತುಂಬಿದ ಮೇಲೆ ಮಗುವಿನ ಸುತ್ತ ಇರುವ ನೀರನ್ನು ತೆಗೆದರೆ ಅದು ಆಮ್ನಿಯೋಸೆಂಟೆಸಿಸ್. ಸ್ಕ್ಯಾನ್ ನೋಡುತ್ತಾ ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ 15ರಿಂದ 20 ಎಂಎಲ್ ನೀರು ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ, ಮುಗಿಸಿ ಅದೇ ದಿನ ಮನೆಗೆ ಹೋಗಬಹುದು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ, ಅದನ್ನು ನೆನಪಿಸಿ.

ಎಲ್ಲರೂ ಹೆದರುವುದು ಬಸಿರು ಹೋಗಿಬಿಟ್ಟರೆ ಎಂದು. ಮೊದಲೆಲ್ಲ ನೂರಕ್ಕೆ ಒಂದು ಎನ್ನುತ್ತಿದ್ದರು. ಈಗಿನ ಅಧ್ಯಯನಗಳ ಪ್ರಕಾರ ಕೈ ಪಳಗಿದವರು ಮಾಡಿದರೆ ಸಾವಿರಕ್ಕೆ ಒಂದರಿಂದ ಮೂರು ಮಾತ್ರ. ಅಪಾಯ ಸಣ್ಣದು, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಹಾಗಾಗಿ ಮಾಡಿಸಿಕೊಳ್ಳುವುದೋ ಬೇಡವೋ ಎಂಬ ತೀರ್ಮಾನ ಆ ತಾಯಿಯದೇ ಆಗಬೇಕು. ‘ಗೊತ್ತಾದರೆ ನಾನೇನು ಮಾಡುತ್ತೇನೆ?’ ಎಂಬ ಪ್ರಶ್ನೆಯನ್ನು ಸೂಜಿ ಹಾಕಿಸಿಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕೆಲವರಿಗೆ ಮಗು ಹೇಗಿದ್ದರೂ ಬೇಕು, ಆದರೂ ಹೆರಿಗೆ ಎಲ್ಲಿ ಮಾಡಿಸಬೇಕು, ಏನೇನು ತಯಾರಿ ಬೇಕು ಎಂದು ಮೊದಲೇ ತಿಳಿದಿರಬೇಕು. ಕೆಲವರಿಗೆ ಬಸಿರು ಮುಂದುವರಿಸುವ ಬಗ್ಗೆ ಯೋಚಿಸಬೇಕು. ಇನ್ನು ಕೆಲವರಿಗೆ ತಿಳಿಯುವುದೇ ಬೇಡ. ಮೂರೂ ಸರಿಯಾದ ಉತ್ತರಗಳೇ.

ಫಲಿತಾಂಶ ಒಂದೇ ಸಲ ಬರುವುದಿಲ್ಲ. ಮುಖ್ಯ ಕ್ರೋಮೋಸೋಮ್‌ಗಳನ್ನು ಮಾತ್ರ ನೋಡುವ ವೇಗದ ಪರೀಕ್ಷೆ ಎರಡು ಮೂರು ದಿನದಲ್ಲಿ ಬರುತ್ತದೆ. ಎಲ್ಲ ಕ್ರೋಮೋಸೋಮ್‌ಗಳನ್ನೂ ನೋಡುವ ಪೂರ್ತಿ ಕ್ಯಾರಿಯೋಟೈಪ್‌ಗೆ ಎರಡರಿಂದ ಮೂರು ವಾರ. ಮೈಕ್ರೋಅರೇ ಎಂಬ ಇನ್ನೂ ಸೂಕ್ಷ್ಮ ಪರೀಕ್ಷೆಯಲ್ಲಿ ಒಮ್ಮೊಮ್ಮೆ ಹೊಸ ಅನುಮಾನವೇ ಹುಟ್ಟುತ್ತದೆ. ಡಿಎನ್‌ಎಯಲ್ಲಿ ಒಂದು ಬದಲಾವಣೆ ಕಾಣುತ್ತದೆ, ಅದರಿಂದ ಮಗುವಿಗೆ ಏನಾಗುತ್ತದೆ ಎಂದು ವಿಜ್ಞಾನಕ್ಕೇ ಇನ್ನೂ ಗೊತ್ತಿರುವುದಿಲ್ಲ. ಆಗ ಅಪ್ಪ ಅಮ್ಮನ ರಕ್ತ ನೋಡುತ್ತಾರೆ. ಆರೋಗ್ಯವಾಗಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಬದಲಾವಣೆ ಇದ್ದರೆ ಚಿಂತೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಇಂಥ ಉತ್ತರ ಬರುವ ಸಾಧ್ಯತೆ ಇದೆ ಎಂದು ಟೆಸ್ಟ್‌ಗೆ ಮೊದಲೇ ಹೇಳಿರಬೇಕು.

ಇಲ್ಲಿ ಕಾನೂನೂ ನಿಮ್ಮ ಪರವಾಗಿದೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಎಂದರೆ ನಮಗೆ ಗೋಡೆಯ ಮೇಲಿನ ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡ್ ಮಾತ್ರ ನೆನಪಾಗುತ್ತದೆ. ಅದೇ ಕಾಯ್ದೆಯಲ್ಲಿ ಇನ್ನೂ ಒಂದು ಮಾತಿದೆ. ಇಂಥ ಪರೀಕ್ಷೆಯ ಅಡ್ಡ ಪರಿಣಾಮಗಳನ್ನೆಲ್ಲ ಬಸುರಿಗೆ ವಿವರಿಸಬೇಕು, ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯ ಒಪ್ಪಿಗೆ ಪಡೆಯಬೇಕು, ಅದರ ಒಂದು ಪ್ರತಿಯನ್ನು ಆಕೆಗೂ ಕೊಡಬೇಕು. ಇಂಗ್ಲಿಷ್ ಫಾರಂ ಮುಂದಿಟ್ಟು ‘ಇಲ್ಲಿ ಸೈನ್ ಮಾಡಿ’ ಎಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ‘ಬಿಳಿ ಚುಕ್ಕೆ’

ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು ಅನಾಮಲಿ ಸ್ಕ್ಯಾನ್‌ನಲ್ಲಿ ಅನುಮಾನ ಶುರುವಾಗುವವರೂ ಇದ್ದಾರೆ. ‘ಮಗುವಿನ ಹೃದಯದಲ್ಲಿ ಬಿಳಿ ಚುಕ್ಕೆ ಇದೆ’ ಎಂದರೆ ಯಾರಿಗೆ ತಾನೇ ಎದೆ ಒಡೆಯುವುದಿಲ್ಲ? ಆದರೆ ಅದು ಹೃದಯದ ಒಳಗಿನ ಸಣ್ಣ ಸ್ನಾಯುವಿನಲ್ಲಿ ಸೇರಿದ ಕ್ಯಾಲ್ಸಿಯಂ ಮಾತ್ರ. ಹೃದಯದ ಕಾಯಿಲೆ ಅಲ್ಲ. ನೂರು ಬಸಿರಿನಲ್ಲಿ ಮೂರರಿಂದ ಐದರಲ್ಲಿ ಕಾಣುತ್ತದೆ, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಮೆದುಳಿನಲ್ಲಿ ಕಾಣುವ ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಎಂಬ ಸಣ್ಣ ನೀರಗುಳ್ಳೆಗಳೂ ಇಂಥವೇ. ಬಹುಪಾಲು ಏಳನೇ ತಿಂಗಳ ಹೊತ್ತಿಗೆ ತಾವಾಗಿಯೇ ಮಾಯವಾಗುತ್ತವೆ. ಇವನ್ನು ಸಾಫ್ಟ್ ಮಾರ್ಕರ್, ಅಂದರೆ ಕ್ರೋಮೋಸೋಮ್ ತೊಂದರೆಯ ಸಣ್ಣ ಸುಳಿವು ಎನ್ನುತ್ತಾರೆ. ಒಂದೇ ಒಂದು ಇದ್ದು, ಬೇರೆಲ್ಲ ಸರಿಯಿದ್ದು, ಎನ್‌ಐಪಿಟಿಯೂ ‘ಲೋ ರಿಸ್ಕ್’ ಎಂದಿದ್ದರೆ ಇವುಗಳ ಹಿಂದೆ ಓಡಬೇಕಾಗಿಲ್ಲ.

ಎಲ್ಲ ಮಾರ್ಕರ್‌ಗಳಿಗೂ ಒಂದೇ ತೂಕ ಇಲ್ಲ. ಮೂಗಿನ ಮೂಳೆ ಕಾಣದಿರುವುದು, ಕತ್ತಿನ ಹಿಂದಿನ ಚರ್ಮ 6 ಮಿಲಿಮೀಟರ್ ಅಥವಾ ಹೆಚ್ಚು ದಪ್ಪ ಇರುವುದು ಇವಕ್ಕೆ ಹೆಚ್ಚು ಗಮನ ಬೇಕು. ಮೊದಲ ಸ್ಕ್ಯಾನ್‌ನಲ್ಲಿ ಎನ್‌ಟಿ 3.5 ಮಿಲಿಮೀಟರ್ ದಾಟಿದ್ದರೆ ಕ್ರೋಮೋಸೋಮ್ ಸರಿಯಿದ್ದರೂ ಮಗುವಿನ ಹೃದಯದ ಸ್ಕ್ಯಾನನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಪ್ಯಾಪ್-ಎ ತುಂಬಾ ಕಡಿಮೆ ಇದ್ದವರಲ್ಲಿ ಮುಂದೆ ಬಿಪಿ ಏರುವುದು, ಮಗುವಿನ ಬೆಳವಣಿಗೆ ಕುಗ್ಗುವುದು ಸ್ವಲ್ಪ ಹೆಚ್ಚು. ಹಾಗಾಗಿ ಎನ್‌ಐಪಿಟಿ ಚೆನ್ನಾಗಿ ಬಂತೆಂದು ಆ ಹಾಳೆಯನ್ನು ಮರೆತುಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಯಾರ ತಪ್ಪು?

ಯಾರದ್ದೂ ಅಲ್ಲ. ಇದನ್ನು ಮನೆಯವರೆಲ್ಲ ಕೂತು ಓದಬೇಕು ಎಂಬುದು ನನ್ನ ಆಸೆ. ‘ಗ್ರಹಣದ ದಿನ ಹೊರಗೆ ಬಂದಳು’, ‘ಪಪ್ಪಾಯಿ ತಿಂದಳು’, ‘ಬೇಡ ಎಂದರೂ ಕೆಲಸಕ್ಕೆ ಹೋದಳು’. ಇಂಥ ಮಾತುಗಳು ರಿಪೋರ್ಟ್‌ಗಿಂತ ಹೆಚ್ಚು ನೋಯಿಸುತ್ತವೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಇದು ಗೊತ್ತಾಗಿದ್ದು 1959ರಲ್ಲಿ, ಫ್ರಾನ್ಸ್‌ನಲ್ಲಿ. ಬಹುಪಾಲು ಸಂದರ್ಭದಲ್ಲಿ ಈ ಹೆಚ್ಚುವರಿ ಕ್ರೋಮೋಸೋಮ್ ಅಂಡ ಮಾಗುವಾಗಲೇ ಸೇರಿಬಿಟ್ಟಿರುತ್ತದೆ. ಆ ಅಂಡ ರೂಪುಗೊಳ್ಳಲು ಶುರುವಾದದ್ದು ತಾಯಿ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ! ಬಸಿರಾದ ಮೇಲೆ ಆಕೆ ಏನು ತಿಂದಳು, ಎಲ್ಲಿ ಹೋದಳು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ನಮ್ಮ ಕಡೆ ಬಹಳ. ‘ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಹೀಗೆ ಬಂತು’ ಎನ್ನುತ್ತಾರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಹೆಚ್ಚಾಗುವುದು ಬೇರೆ ರೀತಿಯ ವಂಶದ ಕಾಯಿಲೆಗಳು. ಅವನ್ನು ಡಬಲ್ ಮಾರ್ಕರ್ ಆಗಲಿ, ಸಾಮಾನ್ಯ ಎನ್‌ಐಪಿಟಿ ಆಗಲಿ ನೋಡುವುದೇ ಇಲ್ಲ. ನೀವು ಸಂಬಂಧದಲ್ಲಿ ಮದುವೆಯಾಗಿದ್ದರೆ ಡಾಕ್ಟರಿಗೆ ಅದನ್ನು ಬೇರೆಯಾಗಿ ಹೇಳಿ.

ಕಾಯುವ ದಿನಗಳು

ಮೊದಲು ಕ್ಯಾಲೆಂಡರ್ ತೆಗೆಯಿರಿ. ಇವತ್ತಿಗೆ ಎಷ್ಟು ವಾರ, ಮುಂದಿನ ಟೆಸ್ಟ್ ಯಾವತ್ತು, ಫಲಿತಾಂಶ ಯಾವತ್ತು, ಯಾರು ಫೋನ್ ಮಾಡುತ್ತಾರೆ ಎಂದು ಬರೆಯಿರಿ. ಇದು ಮನಸ್ಸಿಗಷ್ಟೇ ಅಲ್ಲ, ಕಾನೂನಿನ ಗಡುವಿಗೂ ಬೇಕು. 2021ರಲ್ಲಿ ತಿದ್ದಿದ ಎಂಟಿಪಿ ಕಾಯ್ದೆಯ ಪ್ರಕಾರ ಬಸಿರು ತೆಗೆಸಲು 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ, ಮಗುವಿಗೆ ಗಂಭೀರ ತೊಂದರೆ ಇರುವಂಥ ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರು ಒಪ್ಪಬೇಕು. 24 ವಾರ ದಾಟಿದ ಮೇಲೆ ಮಗುವಿಗೆ ತೀವ್ರ ತೊಂದರೆ ಇದೆ ಎಂಬ ಕಾರಣಕ್ಕೆ ತೆಗೆಸಬೇಕಾದರೆ ಮೆಡಿಕಲ್ ಬೋರ್ಡ್ ನಿರ್ಧರಿಸಬೇಕು. 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಮಾತ್ರ ಸಾಕು, ಗಂಡನ ಸಹಿ ಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಹಾಗೆಯೇ ಒತ್ತಾಯ ಮಾಡಿ ತೆಗೆಸುವ ಹಕ್ಕೂ ಯಾರಿಗೂ ಇಲ್ಲ. 20ನೇ ವಾರ ಕಳೆದು ಅನಾಮಲಿ ಸ್ಕ್ಯಾನ್ ಮಾಡಿಸಿ, ಆಮ್ನಿಯೋದ ಪೂರ್ತಿ ಫಲಿತಾಂಶಕ್ಕೆ ಮೂರು ವಾರ ಕಾದರೆ 24 ವಾರ ಬಂದೇಬಿಡುತ್ತದೆ. ಆಗ ಆತುರದಲ್ಲಿ ತೀರ್ಮಾನ ಮಾಡಬೇಕಾಗುತ್ತದೆ. ಸಾಧ್ಯವಾದರೆ ಸ್ಕ್ಯಾನನ್ನು 18ರಿಂದ 20 ವಾರದ ನಡುವೆ ಮಾಡಿಸಿ.

ಪ್ರಶ್ನೆಗಳನ್ನು ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ್ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ. ಜೊತೆಗೆ ಒಬ್ಬರು ಇರಲಿ, ಅವರು ಉತ್ತರ ಬರೆದುಕೊಳ್ಳಲಿ. ಸಾಧ್ಯವಾದರೆ ಫೀಟಲ್ ಮೆಡಿಸಿನ್ (ಹೊಟ್ಟೆಯಲ್ಲಿರುವ ಮಗುವಿನ ಆರೋಗ್ಯ ನೋಡುವ) ತಜ್ಞರನ್ನೂ ಜೆನೆಟಿಕ್ ಕೌನ್ಸೆಲರನ್ನೂ ನೋಡಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗದಂಥ ಕಡೆ ಇದೇ ಕೆಲಸ ಮಾಡುವವರಿದ್ದಾರೆ. ಇಂಥವರು ‘ಹೀಗೆ ಮಾಡಿ’ ಎನ್ನುವುದಿಲ್ಲ, ನೀವು ತೀರ್ಮಾನಿಸಲು ಬೇಕಾದ್ದನ್ನು ಬಿಡಿಸಿ ಹೇಳುತ್ತಾರೆ.

ಯಾರಿಗೆ ಹೇಳಬೇಕು? ಎಲ್ಲರಿಗೂ ಹೇಳಬೇಕಾಗಿಲ್ಲ. ನಿಮ್ಮ ಮಾತನ್ನು ಸುಮ್ನೆ ಕೇಳಿಸಿಕೊಳ್ಳುವ ಒಬ್ಬಿಬ್ಬರು ಸಾಕು. ಸೀಮಂತದ ದಿನ ಗೊತ್ತು ಮಾಡುವ ಹೊತ್ತಿಗೇ ಈ ಕಾಯುವಿಕೆಯೂ ಬಂದರೆ ಬಹಳ ಕಷ್ಟ. ಒಂದು ಕಡೆ ಹಸಿರು ಬಳೆ, ಇನ್ನೊಂದು ಕಡೆ ಬಾರದ ರಿಪೋರ್ಟ್. ಡಾಕ್ಟರ್ ರೆಸ್ಟ್ ಹೇಳಿದ್ದಾರೆ ಎಂದು ಹೇಳಿ ಮುಂದೆ ಹಾಕಬಹುದು. ಮಾಡಿಸಿಕೊಳ್ಳಬೇಕು ಎನ್ನಿಸಿದರೆ ಮನೆಮಟ್ಟಿಗೆ ಮಾಡಿಸಿಕೊಳ್ಳಬಹುದು. ಅದು ಬಸುರಿಯ ಮನಸ್ಸಿಗೆ ಬಿಟ್ಟದ್ದು, ಅತ್ತೆಯದ್ದಲ್ಲ, ಅಮ್ಮನದ್ದೂ ಅಲ್ಲ. ಮಗುವಿನ ಬಗ್ಗೆ ಆಸೆ ಇಟ್ಟುಕೊಳ್ಳಲು ಹೆದರಿಕೆಯಾಗುವುದು, ಹೊಟ್ಟೆ ಮುಟ್ಟಿಕೊಳ್ಳಲೂ ಹಿಂಜರಿಕೆಯಾಗುವುದು ಬಹಳ ಜನಕ್ಕೆ ಆಗುತ್ತದೆ. ಅದರಿಂದ ನೀವು ಕೆಟ್ಟ ತಾಯಿ ಆಗುವುದಿಲ್ಲ.

ಗಂಡಂದಿರಿಗೆ ಒಂದು ಮಾತು. ‘ಏನೂ ಆಗಲ್ಲ ಬಿಡು’ ಎಂದು ಮಾತು ಮುಗಿಸಬೇಡಿ. ಅದು ಸಮಾಧಾನ ಆಗುವುದಿಲ್ಲ, ‘ಈ ವಿಷಯ ಮಾತಾಡಬೇಡ’ ಎಂದ ಹಾಗಾಗುತ್ತದೆ. ‘ನನಗೂ ಹೆದರಿಕೆ ಆಗ್ತಿದೆ, ಇಬ್ಬರೂ ಹೋಗಿ ಕೇಳೋಣ’ ಎನ್ನಿ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವುದೇ ಬೇಡ ಎನ್ನಿಸುತ್ತಿದೆ ಎಂದರೆ ಅದನ್ನು ಬಸಿರಿನ ಸುಸ್ತು ಎಂದು ತಳ್ಳಿಹಾಕಬೇಡಿ. ಬದುಕು ಬೇಡ ಎನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನಸ್ಸಿನ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆ ಇದೆ.

ಉತ್ತರ ಬಂದ ಮೇಲೆ

ಹೆಚ್ಚಿನವರಿಗೆ ‘ಸರಿಯಿದೆ’ ಎಂಬ ಉತ್ತರ ಬರುತ್ತದೆ. ಆದರೂ ಹೆದರಿಕೆ ಮರುದಿನವೇ ಹೋಗುವುದಿಲ್ಲ. ಅದಕ್ಕೆ ಒಂದಷ್ಟು ವಾರ ಬೇಕಾಗುತ್ತದೆ.

ಡೌನ್ ಸಿಂಡ್ರೋಮ್ ಖಚಿತವಾದರೆ, ತೀರ್ಮಾನಕ್ಕೆ ಮೊದಲು ಆ ಮಕ್ಕಳ ಬದುಕಿನ ಬಗ್ಗೆ ಸರಿಯಾದ ಚಿತ್ರ ಬೇಕು. ಅವರು ಕಲಿಯುವುದು ನಿಧಾನ, ಎಷ್ಟು ನಿಧಾನ ಎಂಬುದು ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಅದರಲ್ಲಿ ಬಹಳಷ್ಟನ್ನು ಆಪರೇಷನ್ ಮಾಡಿ ಸರಿಪಡಿಸಬಹುದು. ಒಳ್ಳೆಯ ಆರೈಕೆ ಇರುವ ದೇಶಗಳಲ್ಲಿ ಇವರು ಸರಾಸರಿ 60 ವರ್ಷದವರೆಗೆ ಬದುಕುತ್ತಿದ್ದಾರೆ. ನಮ್ಮಲ್ಲಿ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇಂಥ ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುತಿಸಿ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಗಳಿಗೆ ಕಳಿಸುತ್ತದೆ. ಸಾಧ್ಯವಾದರೆ ಇಂಥ ಮಗುವನ್ನು ಬೆಳೆಸುತ್ತಿರುವ ಒಂದು ಮನೆಯವರ ಜೊತೆ ಮಾತಾಡಿ. ಅದೇ ಹಾಳೆಯಲ್ಲಿ ಹೆಸರಿರುವ ಟ್ರೈಸೋಮಿ 18 ಮತ್ತು 13 (18ನೇ ಅಥವಾ 13ನೇ ಕ್ರೋಮೋಸೋಮ್ ಮೂರು ಇರುವುದು) ಬೇರೆಯೇ ವಿಷಯ. ಅವು ಬಹಳ ಗಂಭೀರ. ಆ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವ ಮೊದಲೇ ಅಥವಾ ಮೊದಲ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಯಾವುದು ಖಚಿತವಾಗಿದೆ ಎಂದು ಹೆಸರು ಹಿಡಿದು ಕೇಳಿ.

ಉತ್ತರ ಏನೇ ಬಂದಿರಲಿ, ಎಲ್ಲ ಕಾಗದಗಳನ್ನೂ ತಾಯಿ ಕಾರ್ಡ್ ಜೊತೆ ಒಂದೇ ಫೈಲಿನಲ್ಲಿ ಇಡಿ. ಹೆರಿಗೆ ಬೇರೆ ಊರಿನಲ್ಲಿ, ತವರಿನ ಕಡೆ ಆಗುವುದಿದ್ದರೆ ಅಲ್ಲಿನ ಡಾಕ್ಟರಿಗೂ ಮಕ್ಕಳ ತಜ್ಞರಿಗೂ ಅದು ಬೇಕಾಗುತ್ತದೆ. ಡೌನ್ ಸಿಂಡ್ರೋಮ್ ಖಚಿತವಾಗಿದ್ದರೆ ಕ್ಯಾರಿಯೋಟೈಪ್ ಹಾಳೆಯನ್ನು ಕಳೆಯಲೇಬೇಡಿ. ಅಪರೂಪಕ್ಕೆ ಕ್ರೋಮೋಸೋಮ್‌ನ ಒಂದು ಭಾಗ ಇನ್ನೊಂದಕ್ಕೆ ಅಂಟಿಕೊಂಡು ಈ ತೊಂದರೆ ಬಂದಿರುತ್ತದೆ. ಆಗ ಅಪ್ಪ ಅಮ್ಮನ ಕ್ರೋಮೋಸೋಮ್ ಪರೀಕ್ಷೆಯನ್ನೂ ಮಾಡಬೇಕಾಗುತ್ತದೆ, ಏಕೆಂದರೆ ಮುಂದಿನ ಬಸಿರಿನ ಲೆಕ್ಕ ಅದರ ಮೇಲೆ ನಿಂತಿರುತ್ತದೆ. ಸಾಮಾನ್ಯ ರೀತಿಯದ್ದಾಗಿದ್ದರೆ ಚಿಕ್ಕ ವಯಸ್ಸಿನ ತಾಯಿಗೆ ಅದು ಮತ್ತೆ ಬರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು.